ಆಮೆಯಮ್ಮ ಮತ್ತು ಕೆರೆಯ ಕಲ್ಲುದಂಡೆ

ಕೆರೆಯ ಉದ್ಧಾರದ ಹೊಣೆ ಹೊತ್ತ ಕೊಕ್ಕರೆ ದಂಡೆಗೆಲ್ಲ ಕಲ್ಲಿನ ಮೆಟ್ಟಿಲು ಕಟ್ಟಿಸಿ, ಅದರಾಚೆ ಸಿಮೆಂಟಿನ ಹಾದಿ ಹಾಸಿಸಿತು. ಮೊಟ್ಟೆಯಿಡುವ ಕಾಲ ಬಂದಾಗ ಆಮೆಯಮ್ಮ ಹಿಡಿ ಮಣ್ಣಿಗಾಗಿ ಕೆರೆಯನ್ನೆಲ್ಲ ಸುತ್ತಿ ಸೋತಳು.

"ಕೊಕ್ಕರೆರಾಯರೇ, ಒಂದು ಮೂಲೆಯಲ್ಲಾದರೂ ಕಲ್ಲು ಕೀಳಿಸಿ. ಮಣ್ಣಿಲ್ಲದೆ ಮೊಟ್ಟೆ ಎಲ್ಲಿ ಹೂಳಲಿ?"

"ಚೆಂದ ಕೆಡುತ್ತದೆ, ಆಮೆಯಮ್ಮ. ಇದನ್ನೆಲ್ಲ ಮಾಡಿಸಿದ್ದು ಮುಂದಿನ ಪೀಳಿಗೆಗಾಗಿ."

"ನನ್ನ ಮುಂದಿನ ಪೀಳಿಗೆ ಹೊಟ್ಟೆಯಲ್ಲಿದೆ, ಸ್ವಾಮಿ."

"ಮುಂದಿನ ಸಭೆಯಲ್ಲಿ ನೋಡೋಣ."

ಹೊಟ್ಟೆಯೊಳಗಿನದು ಸಭೆಗೆ ಕಾಯಲಿಲ್ಲ. ಅವಳು ಮೆಟ್ಟಿಲ ಮೇಲೆಯೇ ಮೊಟ್ಟೆಯಿಟ್ಟು, ತನ್ನ ಚಿಪ್ಪನ್ನೇ ನೆರಳು ಮಾಡಿ ನಿಂತಳು. ಆದರೆ ಸುತ್ತಲಿನ ಬಿಸಿಲಿಗೆ ಮೊಟ್ಟೆಗಳ ಕೆಳಗಿನ ಕಲ್ಲೇ ಕಾಯಿತು. ಮಧ್ಯಾಹ್ನದ ಹೊತ್ತಿಗೆ ಮೊಟ್ಟೆಗಳೆಲ್ಲ ಬೆಂದುಹೋದವು.

ಸಂಜೆ ಅತ್ತ ಬಂದ ಕೊಕ್ಕರೆ ಮೂಗು ಮುಚ್ಚಿಕೊಂಡು, ಕಾವಲಿನ ಕಾಗೆಯನ್ನು ಕೂಗಿತು: "ಇಲ್ಲಿ ಗಲೀಜಾಗಿದೆ, ತೊಳೆಸಯ್ಯಾ!"