ಭರಮಪ್ಪ ಕೌದಿ ನೆಟ್ಟಗ ಮಾಡಿದ್ದು

ಹಳೆ ಅರಿವಿ ತುಂಡು ಜೋಡಿಸಿ ಕೌದಿ ಹೊಲಿಯೋ ಗುರವ್ವಗ ಒಬ್ಬನ ಒಬ್ಬ ಮಗ, ಭರಮಪ್ಪ. ಅವ್ವನ ಮಾತು ಒಂದಿನಾನೂ ಮೀರಿದವನಲ್ಲ. ಗುರವ್ವನ ಗೋಳೂ ಅದ ಆಗಿತ್ತು ನೋಡ್ರಿ.

ಮಗಳು ನೀಲವ್ವ ಬಾಣಂತನಕ್ಕ ಬಂದಿದ್ದಳು. ಕೂಸನ್ನ ತೊಟ್ಟಿಲಕ್ಕ ಹಾಕೋ ದಿನ ತವರಿನ ಕೌದಿ ಕಾಣದಿದ್ರ ಸೊಸೀನ ಕರಕೊಂಡು ಹೋಗಂಗಿಲ್ಲ ಅಂತ ಬೀಗತಿ ಖಡಕ್ಕಾಗಿ ಹೇಳಿ ಕಳಿಸಿದ್ದಳು. ಗುರವ್ವಗ ಅದೊಂದ ಚಿಂತಿ.

ಕೌದಿ ನಡುವ ಹಚ್ಚಾಕ ಸಿಕ್ಕ ಸೀರಿ ತುಂಡು ನಾಕೂ ಕಡೆ ಸೊಟ್ಟ. ಗುರವ್ವ ಮಗನಿಗೆ ತಿಳಿಸಿ ಹೇಳಿದಳು: ಒಂದೊಂದು ಅಂಚೂ ಮಡಚಿ ನಡು ಹಿಡಿ, ಗುರುತು ಹಾಕು, ಗುರುತಿಂದ ಗುರುತಿಗೆ ದಾರ ಎಳಿ, ಅರಿವಿ ಎಷ್ಟ ಸೊಟ್ಟ ಇರಲಿ, ಒಳಗ ಎದುರುಬದುರು ಅಂಚು ಸಮ ಇರೋ ತುಂಡು ಸಿಗತೈತಿ. ಭರಮಪ್ಪ ದಾರ ಎಳೆದ, ನಾಕು ಮೂಲಿ ಜೋತಾಡೋ ಹಂಗ ತಂದು ಕೊಟ್ಟ.

"ದಾರದ ಹೊರಗ ಏನೈತಿ, ಅದೆಲ್ಲಾ ಕತ್ತರಿಸಿ ಒಗೀಬೇಕೋ ಖೋಡಿ," ಅಂದಳು ಗುರವ್ವ.

ಆಗಲಿ ಅಂದ.

ಮರುದಿನ ಹಿತ್ತಲಕ್ಕ ಕೋಳಿ ನುಗ್ಗಿದ್ವು. ಸುತ್ತ ಹಗ್ಗ ಕಟ್ಟು ಅಂದಳು. ಹಿತ್ತಲಾನೂ ಸೊಟ್ಟ. ಭರಮಪ್ಪ ನಾಕೂ ಬದಿಯ ನಡುವ ಗೂಟ ಬಡಿದ, ಗೂಟದಿಂದ ಗೂಟಕ್ಕ ಹಗ್ಗ ಎಳೆದ, ಹಗ್ಗದ ಹೊರಗಿದ್ದದ್ದೆಲ್ಲಾ ಕುಡಗೋಲಿಂದ ಸವರಿದ. ಮೆಣಸಿನಗಿಡ, ಬದನಿ, ಹೀರಿಬಳ್ಳಿ, ಎಲ್ಲಾ ಸಾಫ್. ಉಳಿದದ್ದು ಬರೋಬ್ಬರಿ ಅರ್ಧ ಹಿತ್ತಲ. ಗುರವ್ವ ಹಣಿ ಹಣಿ ಬಡಕೊಂಡಳು.

"ಕಣ್ಣು ಎಲ್ಲಿಟ್ಟಿದ್ದೆಪ್ಪಾ? ಮಾಡಿದ್ದು ನೆಟ್ಟಗ ಬಂದೈತೇನು ಅಂತ ನೋಡು. ನೆಟ್ಟಗ ಆಗೋತನಕ ಕೈ ಬಿಡಬ್ಯಾಡ."

ಅದಕ್ಕೂ ಆಗಲಿ ಅಂದ.

ತೊಟ್ಟಿಲ ದಿನ ಬಂತು. ಕೌದಿ ಮುಗಿದಿತ್ತು, ಭಾಳ ಚಂದ ಇತ್ತು. ಗುರವ್ವ ಹೋಳಗಿ ಬೇಯಿಸಿಕೋತ, ಕೌದಿ ತೊಟ್ಟಿಲದಾಗ ಹಾಸು ಅಂತ ಮಗನಿಗೆ ಹೇಳಿದಳು. ಭರಮಪ್ಪ ಅದನ್ನ ಬಾಗಿಲ ಚೌಕಟ್ಟಿಗೆ ಹಿಡಿದು ನೋಡಿದ. ಬೆರಳಷ್ಟು ಸೊಟ್ಟ. ಅಂಚಿನ ನಡು ಹಿಡಿದ, ದಾರ ಎಳೆದ, ಹೊರಗಿಂದು ಕತ್ತರಿಸಿದ. ಎದುರುಬದುರು ಅಂಚು ಸಮ ಇದ್ವು ಖರೆ, ಆದರ ಈ ಕಡೆ ವಾಲಿತ್ತು. ಮತ್ತ ನಡು, ಮತ್ತ ದಾರ, ಮತ್ತ ಕತ್ತರಿ. ಈಗ ಆ ಕಡೆ ವಾಲಿತು. ಅರ್ಧ ಆತು, ಅರ್ಧದಾಗ ಅರ್ಧ ಆತು, ಅದರಾಗೂ ಅರ್ಧ ಆತು. ಪುಣ್ಯಾತ್ಮ ಕೈ ಬಿಡಲಿಲ್ಲ.

ಬೀಗತಿ ಬಂದು ತೊಟ್ಟಿಲಕ್ಕ ಬಗ್ಗಿ ನೋಡಿದಳು. ಬರೀ ಹಲಗಿ ಮ್ಯಾಲ ಹೆಬ್ಬೆಟ್ಟಿನಷ್ಟು ಅರಿವಿ. ನೀಲವ್ವ ಕೂಸನ್ನ ಅವಚಿಕೊಂಡು ಅಳಾಕ ಹತ್ತಿದಳು. ನಾಚಿಕಿಗೆ ಗುರವ್ವನ ಜೀವ ಹೋದಂಗಾತು. ಬೀಗತಿ ಚೀಲ ಎತ್ತಿಕೊಂಡು, ಸೊಸೀನ ಅಲ್ಲೇ ಬಿಟ್ಟು ಹೊಂಟಳು.

ಭರಮಪ್ಪ ಆ ಚೂರು ಅರಿವಿ, ಕತ್ತರಿ ಎರಡೂ ಹಿಡಕೊಂಡು ಓಣಿತುಂಬ ಆಕಿ ಬೆನ್ನು ಹತ್ತಿದ.

"ನಿಂದರ್ರಿ ಅತ್ತಿ, ಸಿಟ್ಟಾಗಬ್ಯಾಡ್ರಿ. ಇನ್ನೂ ಚೂರ ವಾಲೇತಿ, ನನಗೂ ಗೊತ್ತೈತಿ. ನೀವು ಗಟ್ಟಿ ಹಿಡೀರಿ, ಇನ್ನೊಮ್ಮಿ ಕತ್ತರಿಸಿಬಿಡ್ತೀನಿ."