ಹಸಿ ತೊಲೆ

“ತೊರೆಪಟ್ಟಣದ ಪ್ರಜೆಗಳೆಲ್ಲ ಕೇಳಿರಿ. ಯುವರಾಜರ ಮದುವೆಯ ದಿನ ಅರಮನೆಯ ಹೊಸ ಚಾವಡಿಯ ಚಾವಣಿ ಕುಸಿದು ಅವರೂ ಮೂವತ್ತು ಮಂದಿ ನೆಂಟರೂ ತೀರಿಕೊಂಡದ್ದು ನಿಮಗೆ ಗೊತ್ತಿದೆ. ಅರಮನೆಗೆ ಈಗ ಹೊಸ ಹಿರಿಯ ಬಡಗಿ ಬೇಕು. ಪ್ರತಿಯೊಬ್ಬ ಬಡಗಿಯ ಮನೆಯಿಂದಲೂ ಒಬ್ಬರು ಬಂದು ದೊರೆ ಬಿಜ್ಜರಸರ ಮೂರು ಒಗಟುಗಳನ್ನು ಬಿಡಿಸತಕ್ಕದ್ದು. ಮೂರನ್ನೂ ಬಿಡಿಸಿದವರಿಗೆ ಆ ಪದವಿ, ಜೊತೆಗೆ ಕೇಳಿದ್ದೊಂದು ವರ. ಒಂದು ತಪ್ಪಿದರೂ ತಲೆ ಹೋಗುತ್ತದೆ.”

ಡಂಗುರ ಸಾರಿದ ಒಂದು ತಿಂಗಳಲ್ಲಿ ಒಂಬತ್ತು ಮಂದಿ ಬಡಗಿಗಳು ಅರಮನೆಗೆ ಹೋದರು. ಒಬ್ಬನೂ ಹಿಂತಿರುಗಲಿಲ್ಲ. ಒಗಟು ಏನಿತ್ತೆಂದು ಹೇಳುವವರೂ ಉಳಿಯಲಿಲ್ಲ.

ಆ ಚಾವಡಿಯನ್ನು ಕಟ್ಟಿದವನು ಕಾಳಾಚಾರಿ. ಚಾವಣಿ ಬಿದ್ದ ಮರುದಿನವೇ ದೊರೆ ಅವನನ್ನು ಗಲ್ಲಿಗೇರಿಸಿದ್ದ. ಅವನ ಕೆಲಸದ ಕೊಟ್ಟಿಗೆಯಲ್ಲಿ ಈಗ ಉಳಿದವರು ಇಬ್ಬರೇ, ಗಂಡನ ಜೊತೆ ಮರಗೆಲಸ ಮಾಡಿದ ಹೆಂಡತಿ ಕಾಳಮ್ಮ ಮತ್ತು ಶಿಷ್ಯ ಮೋನಪ್ಪ. ಮೋನಪ್ಪ ಮೊದಲು ಹೊಳೆದಂಡೆಯಲ್ಲಿ ದಿಮ್ಮಿ ಹೊರುತ್ತಿದ್ದವನು. ಇಪ್ಪತ್ತು ದಾಟಿದ ಮೇಲೆ ಉಳಿ ಹಿಡಿದವನಾದ್ದರಿಂದ ಒಂಬತ್ತು ವರ್ಷ ಕಲಿತರೂ ಸ್ವಂತವಾಗಿ ಒಂದು ತೊಲೆ ಕೂರಿಸಲು ಗುರು ಅವನನ್ನು ಬಿಟ್ಟಿರಲಿಲ್ಲ.

ಅವರ ಮನೆಯ ಸರದಿ ಬಂದಾಗ ಕಾಳಮ್ಮ, “ನಾನೇ ಹೋಗುತ್ತೇನೆ. ನಿನ್ನ ವಿದ್ಯೆ ಇನ್ನೂ ಮುಗಿದಿಲ್ಲ” ಎಂದಳು.

“ಚಾವಣಿ ಏರಿಸಿದಾಗ ನೀವು ಅಟ್ಟಣೆಯ ಮೇಲೆ ಇರಲಿಲ್ಲ ಅವ್ವ. ನಾನಿದ್ದೆ” ಎಂದು ಮೋನಪ್ಪ ಹೊರಟ.

ಅಂದು ಸಭೆಯಲ್ಲಿ ಅವನೊಂದಿಗೆ ಇನ್ನಿಬ್ಬರು ನಿಂತಿದ್ದರು. ಒಬ್ಬ ದೇವಣಾಚಾರಿ, ನಾಲ್ಕು ಸಂಸ್ಥಾನಗಳಲ್ಲಿ ಮನೆ ಕಟ್ಟಿ ಕೈಗೆ ಚಿನ್ನದ ಕಡಗ ಪಡೆದವನು. ಇನ್ನೊಬ್ಬ ಗುತ್ತಲಾಚಾರಿ, ಮುದುಕ. ದೊರೆಯ ಗಡ್ಡ ಬೆಳೆದಿತ್ತು, ಕಣ್ಣುಗಳು ಒಳಗೆ ಹೋಗಿದ್ದವು.

“ಅದು ಸತ್ತು ಎಷ್ಟೋ ವರ್ಷಗಳಾಗಿವೆ. ಆದರೂ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ, ಒಮ್ಮೊಮ್ಮೆ ನರಳುತ್ತದೆ ಕೂಡ. ಯಾವುದದು?” ಎಂದು ದೊರೆ ಕೇಳಿದ.

ದೇವಣಾಚಾರಿ ಮುಂದೆ ಬಂದ. “ಕಮ್ಮಾರನ ತಿದಿ, ಮಹಾಸ್ವಾಮಿ. ಸತ್ತ ಪ್ರಾಣಿಯ ಚರ್ಮ ಗಾಳಿ ಕುಡಿದು ಉಬ್ಬುತ್ತದೆ, ಬಿಟ್ಟಾಗ ಸೊರಗುತ್ತದೆ.”

“ತಿದಿ ಮಳೆಗಾಲಕ್ಕೆ ಕಾಯುವುದಿಲ್ಲ” ಎಂದ ದೊರೆ. ಭಟರು ದೇವಣಾಚಾರಿಯ ರಟ್ಟೆ ಹಿಡಿದು ಹಿಂದಿನ ಅಂಗಳಕ್ಕೆ ಕರೆದೊಯ್ದರು. ಅಲ್ಲಿಂದ ಒಂದೇ ಒಂದು ಸದ್ದು ಬಂತು.

ಮೋನಪ್ಪ ಒಂದು ಹೆಜ್ಜೆ ಮುಂದಿಟ್ಟ. “ಬಾಗಿಲು, ದೊರೆಗಳೇ. ಕಡಿದ ಮರ ಸತ್ತರೂ ತೇವ ಕುಡಿಯುವುದನ್ನು ಬಿಡುವುದಿಲ್ಲ. ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡು ನರಳುತ್ತದೆ. ಅದಕ್ಕೇ ನಾವು ಸುತ್ತಲೂ ಚೂರು ಸಂದು ಬಿಟ್ಟು ಬಾಗಿಲು ಕೂರಿಸುತ್ತೇವೆ.”

ದೊರೆ ತಲೆಯಾಡಿಸಿ ಮುದುಕನ ಕಡೆ ತಿರುಗಿದ. “ಮನೆಯ ಭಾರವನ್ನೆಲ್ಲ ಹೊರುವವನೊಬ್ಬ ಇದ್ದಾನೆ. ಮನೆಯವರು ಅವನ ಮುಖ ನೋಡಿಲ್ಲ. ಅವನು ಮುಖ ತೋರಿಸಿದ ದಿನ ಅವರು ಮನೆ ಬಿಟ್ಟು ಓಡಬೇಕು.”

“ನಡುಕಂಬ” ಎಂದ ಗುತ್ತಲಾಚಾರಿ. ಹೇಳಿದ ಕೂಡಲೇ ತಪ್ಪು ಅವನಿಗೇ ಹೊಳೆಯಿತು.

“ಕಂಬಕ್ಕೆ ಹೂ ಮುಡಿಸಿ ಪೂಜೆ ಮಾಡುತ್ತೀರಿ. ಅದರ ಮುಖ ನೋಡಿಲ್ಲವೆ?”

ಮುದುಕ ಭಟರೊಂದಿಗೆ ಹೋಗುವಾಗ ತನ್ನ ಮೇಲುಹೊದಿಕೆಯನ್ನು ತೆಗೆದು ಮೋನಪ್ಪನ ಕೈಗಿಟ್ಟ. “ಮನೆಗೆ ಮುಟ್ಟಿಸಪ್ಪ” ಎಂದ.

“ಅಡಿಪಾಯ” ಎಂದ ಮೋನಪ್ಪ. “ಮಣ್ಣು ಕೊಚ್ಚಿಹೋಗಿ ಅದು ಕಣ್ಣಿಗೆ ಕಂಡರೆ ಆ ಮನೆ ನಿಲ್ಲುವುದಿಲ್ಲ.”

ದೊರೆ ಸಿಂಹಾಸನದಿಂದ ಇಳಿದು ಅವನ ಹತ್ತಿರ ಬಂದ. ಮೂರನೆಯದನ್ನು ಕೇಳುವಾಗ ಅವನ ದನಿ ತಗ್ಗಿತ್ತು. “ಅದು ಬೆಂಕಿಯಲ್ಲ, ಗೆದ್ದಲಲ್ಲ, ಸಿಡಿಲಲ್ಲ. ಕಾಡಿನ ಒಳ್ಳೆಯ ಮರವನ್ನು ಅದು ಮುರಿಯಿತು. ಒಳ್ಳೆಯ ಬಡಗಿಯನ್ನು ಕೊಂದಿತು. ನನ್ನ ಮಗನನ್ನೂ ಕೊಂದಿತು. ಅದರ ಹೆಸರೇನು, ಅದು ಹುಟ್ಟಿದ್ದು ಎಲ್ಲಿ?”

ಸಭೆಯವರು ನೆಲ ನೋಡಿದರು.

“ಅವಸರ, ದೊರೆಗಳೇ. ಹುಟ್ಟಿದ್ದು ನಿಮ್ಮ ಬಾಯಲ್ಲಿ” ಎಂದ ಮೋನಪ್ಪ. “ಮರ ಒಣಗಲು ನನ್ನ ಗುರು ಎರಡು ಬೇಸಿಗೆ ಕೇಳಿದರು. ಮದುವೆಗೆ ಚಾವಡಿ ಆಗಲೇಬೇಕೆಂದು ನೀವು ನಲವತ್ತು ದಿನ ಕೊಟ್ಟಿರಿ. ನಾನು ತೊಲೆಗೆ ಉಳಿ ಇಟ್ಟಾಗ ನೀರು ಜಿನುಗಿತು. ಹಸಿ ಮರ ಒಣಗುತ್ತಾ ಸೊಟ್ಟಗಾಗಿ ಕೀಲುಗಳಿಂದ ಕಳಚಿಕೊಂಡಿತು. ನಿಮಗೆ ಎದುರಾಡಲು ಗುರು ಹೆದರಿದರು. ನಾನೂ ಬಾಯಿ ಬಿಡಲಿಲ್ಲ.”

ದೊರೆ ಸಿಂಹಾಸನದ ಮೆಟ್ಟಿಲ ಮೇಲೆ ಕುಳಿತ. ಆಮೇಲೆ, “ನನಗೆ ಗೊತ್ತಿತ್ತು” ಎಂದ. “ಮೊದಲೆರಡು ಬಿಡಿಸಿದವರು ನಾಲ್ವರಿದ್ದರು. ಮೂರನೆಯದಕ್ಕೆ ಒಬ್ಬ ವಿಧಿ ಎಂದ, ಒಬ್ಬ ಶತ್ರುವಿನ ಮಾಟ ಎಂದ. ನನ್ನ ಮಾನ ಉಳಿಸಲು ನೋಡಿದರು. ಅದನ್ನು ಸಹಿಸಲಾಗಲಿಲ್ಲ. ವರ ಕೇಳು.”

“ಕಾಳಾಚಾರಿ ತಪ್ಪಿತಸ್ಥನಲ್ಲ ಎಂದು ಊರಿಗೆ ಸಾರಿಸಿ. ಅರಮನೆಯ ಹಿಂದಿನ ಅಂಗಳವನ್ನು ನನಗೆ ಕೊಡಿ. ಸತ್ತ ಬಡಗಿಗಳ ಮನೆಯವರಿಗೆ ಅಲ್ಲಿ ಕೆಲಸ ಕಲಿಸುತ್ತೇನೆ.”

ಸಾರಿದ್ದು ಒಂದೇ ವರವಾದರೂ ದೊರೆ ಎರಡಕ್ಕೂ ಒಪ್ಪಿ, ಹಿರಿಯ ಬಡಗಿಯ ಮುದ್ರೆಯುಂಗುರವನ್ನು ಅವನ ಬೆರಳಿಗೆ ತೊಡಿಸಿದ.

ಮೋನಪ್ಪ ಗುತ್ತಲಾಚಾರಿಯ ಮನೆಗೆ ಹೊದಿಕೆ ಮುಟ್ಟಿಸಿ ಕೊಟ್ಟಿಗೆಗೆ ಬಂದ. ಕಾಳಮ್ಮ ಎಲ್ಲವನ್ನೂ ಕೇಳಿದಳು. “ಗೊತ್ತಿದ್ದೂ ಹನ್ನೊಂದು ಮಂದಿಯನ್ನು ಕೊಂದನೆ?” ಎಂದಳು.

ಹನ್ನೊಂದು ಮನೆಗಳಿಂದ ಹದಿನಾರು ಮಂದಿ ಕಲಿಯಲು ಬಂದರು. ಅಂಗಳದ ಕಲ್ಲುಗಳನ್ನು ಕಾಳಮ್ಮ ಮೂರು ಸಲ ತೊಳೆಸಿದಳು. ಆಮೇಲೆ ಹಲಗೆಗಳ ನಡುವೆ ಗಾಳಿಯಾಡಲು ಸಂದು ಬಿಟ್ಟು ಒಂದರ ಮೇಲೊಂದು ಪೇರಿಸುವುದನ್ನು ಅವಳೇ ಅವರಿಗೆ ತೋರಿಸಿಕೊಟ್ಟಳು. ಬಿದ್ದ ಚಾವಡಿಯನ್ನು ಮತ್ತೆ ಕಟ್ಟುವುದು ಯಾವಾಗ ಮುಗಿಯುತ್ತದೆಂದು ಕೇಳಲು ಅರಮನೆಯಿಂದ ಎರಡು ಸಲ ಆಳು ಬಂದ. ಎರಡು ಸಲವೂ ಅವಳು, “ಮರ ಒಣಗಿಲ್ಲ” ಎಂದು ಹೇಳಿ ಕಳಿಸಿದಳು. ಆ ವರ್ಷ ಅಲ್ಲಿ ಯಾರೂ ಒಂದು ಮೊಳೆಯನ್ನೂ ಹೊಡೆಯಲಿಲ್ಲ.