ಹಳೆಯ ಲೇತ್ ಕೊಂಡವನು

"ಗುರುಗಳೇ, ತಿದ್ದಬೇಕಾದದ್ದು ಈ ಮನಸ್ಸನ್ನು. ತಿದ್ದುವುದಕ್ಕೆ ನನ್ನ ಬಳಿ ಇರುವುದೂ ಇದೇ ಮನಸ್ಸು. ಇದೇ ಸವೆದುಹೋಗಿದ್ದರೆ ನಾನು ಏನು ಮಾಡಲಿ?"

ಹೀಗೆ ಕೇಳಿದವನು ಸಂಗಯ್ಯ. ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಐವತ್ತು ದಾಟಿದ ಮೇಲೆ ಬಂದವನು. ಇದಕ್ಕೂ ಮೊದಲು ಬೇರೆ ಎರಡು ಮಠಗಳಲ್ಲಿ ಇದ್ದು ನೋಡಿದ್ದ, ಎಲ್ಲಿಯೂ ಕಾಲೂರಿರಲಿಲ್ಲ. ಇಲ್ಲಿಂದಲೂ ಹೊರಡುವುದೇ ಸರಿ ಎಂದು ನಿಶ್ಚಯಿಸಿಕೊಂಡು, ಹೋಗುವ ಮುನ್ನ ಇದೊಂದನ್ನು ಕೇಳಿಬಿಡೋಣ ಎಂದು ಬಂದು ಕುಳಿತಿದ್ದ.

ಗುರುಗಳು ಒಂದು ಕತೆ ಹೇಳಿದರು.

ನೇಕಾರರ ಊರೊಂದರಲ್ಲಿ ಮೌನೇಶ ಎಂಬ ಲೇತ್ ಕೆಲಸಗಾರನಿದ್ದ. ಕಬ್ಬಿಣದ ತುಂಡನ್ನು ಬಿಗಿಯಾಗಿ ಹಿಡಿದು ತಿರುಗಿಸುತ್ತ, ಉಳಿಯಿಂದ ಬೇಕಾದ ಅಳತೆಗೆ ಕಡೆಯುವ ಯಂತ್ರ ಲೇತ್. ಮೌನೇಶ ದೂರದ ಪಟ್ಟಣದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅಂಥ ಯಂತ್ರದ ಮುಂದೆ ನಿಂತಿದ್ದ. ಕಾರ್ಖಾನೆ ಮುಚ್ಚಿತು. ಅವನು ಊರಿಗೆ ಮರಳಿದ.

ಊರಿನಲ್ಲಿ ಮುನ್ನೂರು ವಿದ್ಯುತ್ ಮಗ್ಗಗಳಿದ್ದವು. ಮಗ್ಗದ ಒಂದು ಶಾಫ್ಟು ಕೆಟ್ಟರೂ ಅದನ್ನು ಹೊತ್ತುಕೊಂಡು ಪಟ್ಟಣಕ್ಕೆ ಹೋಗಬೇಕು. ಹೋಗಿ ಬರಲು ಒಂದು ದಿನ, ಸರದಿ ಕಾಯಲು ಎರಡು ದಿನ. ಅಷ್ಟು ದಿನ ಮಗ್ಗವೂ ನಿಲ್ಲುತ್ತಿತ್ತು, ನೇಯುವವರ ಒಲೆಯೂ ತಣ್ಣಗಾಗುತ್ತಿತ್ತು. ನೇಕಾರರ ಸಂಘಕ್ಕೆ ಬನಶಂಕರವ್ವ ಎಂಬಾಕೆ ಹಿರಿಯಳು. ಗಂಡ ತೀರಿಕೊಂಡ ಮೇಲೆ ನಾಲ್ಕು ಮಗ್ಗಗಳನ್ನು ತಾನೇ ನಡೆಸಿದವಳು. ಅವಳು ಮೌನೇಶನನ್ನು ಕರೆಸಿದಳು. ಸಂಘದ ಶೆಡ್ಡು ಖಾಲಿ ಇದೆ, ಒಂದು ಲೇತ್ ತಂದು ಹಾಕು, ಊರಿನ ಕೆಲಸವೆಲ್ಲ ನಿನಗೇ ಬರುತ್ತದೆ ಎಂದಳು. ದಸರೆಯವರೆಗೆ ಕಾಯುವುದಾಗಿ ಸಂಘದವರು ಒಪ್ಪಿದ್ದಾರೆ, ಅಷ್ಟರಲ್ಲಿ ಯಂತ್ರ ಓಡದಿದ್ದರೆ ಶೆಡ್ಡನ್ನು ನೂಲು ತುಂಬಲು ಬಿಟ್ಟುಕೊಡಬೇಕಾಗುತ್ತದೆ ಎಂದೂ ಹೇಳಿದಳು. ಆಗ ಯುಗಾದಿ ಕಳೆದು ವಾರವಾಗಿತ್ತು.

ಹೊಸ ಲೇತ್ ಕೊಳ್ಳುವ ಶಕ್ತಿ ಮೌನೇಶನಿಗಿರಲಿಲ್ಲ. ಹಳೆಯದನ್ನು ಹುಡುಕಲು ಹೊರಟ.

ಹಳೆಯ ಯಂತ್ರ ಮಾರುವವರ ಮಾತಿನ ರೀತಿಯೇ ಬೇರೆ ಎಂಬುದು ಅವನಿಗೆ ಬೇಗನೆ ತಿಳಿಯಿತು. ಯಂತ್ರ ಚಾಲೂ ಸ್ಥಿತಿಯಲ್ಲಿದೆ ಎಂದು ಒಬ್ಬ ಫೋನಿನಲ್ಲಿ ಹೇಳಿದ. ಆರು ಗಂಟೆ ಬಸ್ಸಿನಲ್ಲಿ ಕುಳಿತು ಹೋದರೆ, ಅದು ಬಯಲಿನಲ್ಲಿ ತಾಡಪಾಲಿನ ಕೆಳಗೆ ಬಿದ್ದಿತ್ತು. ಅದಕ್ಕೆ ಮೋಟರೇ ಇರಲಿಲ್ಲ. ಮೋಟರು ಕೂರಿಸಿದರೆ ಚಾಲೂ ಆಗುತ್ತದೆ ಎಂದ ಆ ಮನುಷ್ಯ. ಇನ್ನೊಂದು ಊರಿನಲ್ಲಿ ಹೊಸದಾಗಿ ಹಸಿರು ಬಣ್ಣ ಬಳಿದ ಯಂತ್ರ ಕಣ್ಣಿಗೆ ಚೆನ್ನಾಗಿ ಕಂಡಿತು. ಮೌನೇಶ ಉಗುರಿನಿಂದ ಗೀಚಿದ. ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಬಿರುಕು. ಒಂದು ಕಡೆ ಹರಾಜು ನಡೆಯುತ್ತಿತ್ತು. ಲೇತ್ ಬೇಕಿದ್ದರೆ ಅದರ ಜೊತೆಗಿರುವ ಹನ್ನೆರಡು ಟನ್ ಗುಜರಿಯನ್ನೂ ಒಯ್ಯಬೇಕು ಎಂದರು.

ಒಮ್ಮೆ ಮಾತ್ರ ನಿಜವಾಗಿ ಒಳ್ಳೆಯ ಯಂತ್ರ ಕಣ್ಣಿಗೆ ಬಿತ್ತು. ಮೌನೇಶ ಅದನ್ನು ಅರ್ಧ ದಿನ ಪರೀಕ್ಷಿಸಿದ. ಮಾಲೀಕ ಒಪ್ಪಿದ. ಮುಂಗಡ ಕೊಡಲು ಹೋದರೆ, ಅದೇನು ಅವಸರ, ನಾಳೆ ಲಾರಿ ತಂದಾಗ ಕೊಡು ಎಂದು ನಕ್ಕ. ಮರುದಿನ ಲಾರಿ ತಂದಾಗ ಯಂತ್ರವಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಬೋಲ್ಟುಗಳ ಗುರುತಿತ್ತು. ಮಾಲೀಕ ಊಟಕ್ಕೆ ಹೋಗಿದ್ದಾನೆ ಎಂದು ಕಾವಲುಗಾರ ಹೇಳಿದ. ಮೌನೇಶ ಸಂಜೆಯವರೆಗೆ ಗೇಟಿನ ಬಳಿ ನಿಂತ. ಆ ಮಾಲೀಕನ ಊಟ ಮುಗಿಯಲೇ ಇಲ್ಲ.

ಅವನಿಗೆ ಬೇಸರವಾಗಲಿಲ್ಲ ಎಂದಲ್ಲ. ಇಪ್ಪತ್ತೆರಡು ವರ್ಷ ಕಲಿತ ಕೈ ಖಾಲಿ ಬಿದ್ದಿದೆ ಎಂದು ಬಸ್ಸಿನಲ್ಲಿ ಕುಳಿತಾಗಲೆಲ್ಲ ಅನ್ನಿಸುತ್ತಿತ್ತು. ಆದರೂ ಎರಡು ದಿನ ಬಿಟ್ಟು ಮತ್ತೆ ಚೀಲ ಹೆಗಲಿಗೆ ಹಾಕುತ್ತಿದ್ದ.

ಆಷಾಢದಲ್ಲಿ ಒಬ್ಬ ವ್ಯಾಪಾರಿಯ ಅಂಗಳಕ್ಕೆ ಬಂದ. ಅಲ್ಲಿ ಮೂವತ್ತು ಹಳೆಯ ಯಂತ್ರಗಳು ಸಾಲಾಗಿ ನಿಂತಿದ್ದವು. ಮೌನೇಶ ಒಂದನ್ನು ಆರಿಸಿದ. ಯಂತ್ರದ ಉದ್ದಕ್ಕೂ ಇರುವ ಕಬ್ಬಿಣದ ಹಾಸಿನ ಮೇಲೆ ಉಗುರು ಎಳೆದು ನೋಡಿದ. ಸವೆತ ಇತ್ತು, ಆದರೆ ಹಳೆಯ ಯಂತ್ರಕ್ಕೆ ಅಷ್ಟು ಇದ್ದೇ ಇರುತ್ತದೆ. ಓಡಿಸಿ ತೋರಿಸಲು ಹೇಳಿದ. ವ್ಯಾಪಾರಿ ಮರುಮಾತಿಲ್ಲದೆ ಓಡಿಸಿದ. ಮೌನೇಶ ಗೇರುಗಳ ಪೆಟ್ಟಿಗೆಗೆ ಕಬ್ಬಿಣದ ಸರಳಿನ ಒಂದು ತುದಿ ಇಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟ. ಸದ್ದು ಹೊಸ ಯಂತ್ರದಷ್ಟು ಮೆತ್ತಗಿತ್ತು. ಪೆಟ್ಟಿಗೆ ಬಿಚ್ಚಿ ನೋಡಬಹುದೇ ಎಂದು ಕೇಳಿದ. ಕೊಂಡ ಮೇಲೆ ಬಿಚ್ಚು, ಅದಕ್ಕೂ ಮೊದಲು ಬಿಚ್ಚಲು ಬಿಟ್ಟರೆ ನನ್ನ ಅಂಗಳದಲ್ಲಿ ನಟ್ಟು ಬೋಲ್ಟು ಮಾತ್ರ ಉಳಿಯುತ್ತವೆ ಎಂದ ವ್ಯಾಪಾರಿ. ಮೌನೇಶ ದಣಿದಿದ್ದ. ಕೊಂಡ.

ಶೆಡ್ಡಿನಲ್ಲಿ ಯಂತ್ರ ಕೂರಿಸಿದ ದಿನ ನೇಕಾರರು ಬಂದು ಅದಕ್ಕೆ ಕುಂಕುಮ ಹಚ್ಚಿದರು. ಏಳು ದಿನ ಓಡಿತು. ಎಂಟನೆಯ ದಿನ ಪೆಟ್ಟಿಗೆಯ ಒಳಗಿನಿಂದ ಕಟಕಟ ಸದ್ದು ಶುರುವಾಯಿತು. ಮೌನೇಶ ಮುಚ್ಚಳ ತೆಗೆದ. ಒಳಗೆ ಎಣ್ಣೆ ಇರಲಿಲ್ಲ. ಗಟ್ಟಿ ಗ್ರೀಸಿನಲ್ಲಿ ಗರಗಸದ ಹೊಟ್ಟು ಕಲಸಿ ತುಂಬಿದ್ದರು. ಸದ್ದು ಅಡಗಿದ್ದು ಅದರಿಂದ. ಹೊಟ್ಟನ್ನು ಕೈಯಿಂದ ಬಳಿದು ಹೊರಗೆ ಹಾಕಿದಾಗ ಎರಡು ಗೇರುಗಳಲ್ಲಿ ಹಲ್ಲು ಮುರಿದಿರುವುದು ಕಂಡಿತು. ತಿರುಗುವ ದಂಡವನ್ನು ಹಿಡಿದಿದ್ದ ಹಿತ್ತಾಳೆಯ ಕೊಳವೆಯಂಥ ಬುಷ್ಷು ಸವೆದು ಸಡಿಲವಾಗಿತ್ತು.

ಅವನು ಮರುದಿನವೇ ವ್ಯಾಪಾರಿಯ ಬಳಿ ಹೋದ. ಕಾಗದದಲ್ಲಿ ಸುತ್ತಿದ್ದ ಹೊಟ್ಟನ್ನು ಮೇಜಿನ ಮೇಲೆ ಬಿಚ್ಚಿಟ್ಟ. ವ್ಯಾಪಾರಿ ಅದನ್ನು ನೋಡಿದ, ಅಲ್ಲಗಳೆಯಲಿಲ್ಲ.

"ನೀವೇ ನೋಡಿದಿರಿ, ನೀವೇ ಕೇಳಿದಿರಿ, ನೀವೇ ಒಪ್ಪಿದಿರಿ. ನನಗೆ ಬಂದಾಗಲೂ ಅದರಲ್ಲಿ ಹೊಟ್ಟೇ ಇತ್ತು, ಮೇಸ್ತ್ರಿ. ಒಂದು ಕೆಲಸ ಮಾಡಿ. ಮತ್ತೆ ತುಂಬಿಸಿ, ಮುಚ್ಚಳ ಹಾಕಿ. ಕೊಳ್ಳುವವನನ್ನು ನಾನೇ ಕಳಿಸುತ್ತೇನೆ. ಅದು ಹೋದ ದಿನ ಇಲ್ಲಿಂದ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ. ಈ ಸಲ ಬಿಚ್ಚಿ ನೋಡಿಯೇ ಒಯ್ಯಿರಿ."

ದಸರೆಗೆ ಎರಡೂವರೆ ತಿಂಗಳು ಉಳಿದಿತ್ತು. ವ್ಯಾಪಾರಿ ಹೇಳಿದಂತೆ ಮಾಡಿದರೆ ಹತ್ತು ದಿನದಲ್ಲಿ ಒಳ್ಳೆಯ ಯಂತ್ರ ಶೆಡ್ಡಿನಲ್ಲಿರುತ್ತಿತ್ತು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅಲ್ಲಿ ಮೌನೇಶನಷ್ಟೇ ವಯಸ್ಸಿನ ಒಬ್ಬ ಒಂದು ಯಂತ್ರದ ಮುಂದೆ ಬಗ್ಗಿ, ಹಾಸಿನ ಮೇಲೆ ಉಗುರು ಎಳೆಯುತ್ತಿದ್ದ. ಆ ಮನುಷ್ಯನ ಕಂಕುಳಲ್ಲಿ ಊಟದ ಡಬ್ಬಿ ಇತ್ತು. ದೂರದಿಂದ ಬಂದವನು.

ಮೌನೇಶ ಎದ್ದ. ಹೊರಗೆ ಬಂದು ಆ ಮನುಷ್ಯನ ಪಕ್ಕದಲ್ಲಿ ನಿಂತು, ಬಿಚ್ಚಲು ಬಿಡದಿದ್ದರೆ ಕೊಳ್ಳಬೇಡಿ ಎಂದ. ವ್ಯಾಪಾರಿ ಬಾಗಿಲಿಗೆ ಬಂದು ನಿಂತು ಕೇಳಿಸಿಕೊಂಡ. ಇನ್ನು ಆ ಅಂಗಳಕ್ಕೆ ಕಾಲಿಡುವಂತಿಲ್ಲ ಎಂಬುದು ಮೌನೇಶನಿಗೆ ಗೊತ್ತಿತ್ತು. ಅವನು ಬಸ್ ಹತ್ತಿದ.

ಊರು ಮುಟ್ಟುವಷ್ಟರಲ್ಲಿ ಅವನು ಒಂದು ನಿರ್ಧಾರಕ್ಕೆ ಬಂದಿದ್ದ. ಇನ್ನು ಹುಡುಕುವುದಿಲ್ಲ. ಇರುವುದನ್ನೇ ನೆಟ್ಟಗೆ ಮಾಡುವುದು.

ಹೇಳಿದಷ್ಟು ಸುಲಭವಿರಲಿಲ್ಲ. ಬುಷ್ಷು ಹೊಸದು ಮಾಡಬೇಕು. ಬುಷ್ಷು ಮಾಡಲು ಲೇತ್ ಬೇಕು. ಊರಿನಲ್ಲಿ ಇದ್ದದ್ದು ಈ ಕೆಟ್ಟ ಲೇತ್ ಒಂದೇ. ಪಟ್ಟಣದಲ್ಲಿ ಮಾಡಿಸೋಣವೆಂದರೆ, ನೇಕಾರರ ಕೆಲಸ ತಮ್ಮ ಕೈಬಿಟ್ಟು ಹೋಗುತ್ತದೆ ಎಂದು ಅಲ್ಲಿಯವರು ಅವನ ಕೆಲಸ ಹಿಡಿಯಲಿಲ್ಲ. ಮುರಿದ ಹಲ್ಲುಗಳು ಎರಡು ವೇಗಗಳಿಗೆ ಸೇರಿದ್ದವು. ಎಲ್ಲಕ್ಕಿಂತ ನಿಧಾನದ ವೇಗವೊಂದು ಉಳಿದಿತ್ತು. ಮೌನೇಶ ಆ ಒಂದು ವೇಗದಲ್ಲೇ ಹಿತ್ತಾಳೆಯ ತುಂಡನ್ನು ಕಟ್ಟಿ ಕಡೆಯಲು ಕುಳಿತ.

ಮೊದಲ ಬುಷ್ಷು ಕೆಟ್ಟಿತು. ಎರಡನೆಯದೂ ಕೆಟ್ಟಿತು. ಮೂರನೆಯದು, ನಾಲ್ಕನೆಯದು. ನಾಲ್ಕನೆಯದನ್ನು ಅವನು ಗೋಡೆಗೆ ಎಸೆದ. ಸ್ವಲ್ಪ ಹೊತ್ತು ಹೊರಗೆ ಕಲ್ಲಿನ ಮೇಲೆ ಕುಳಿತಿದ್ದ. ಆಮೇಲೆ ಒಳಗೆ ಹೋಗಿ ಎಸೆದದ್ದನ್ನು ಹುಡುಕಿ ತಂದ. ನಾಲ್ಕನ್ನೂ ಸಾಲಾಗಿ ಇಟ್ಟು ಅಳೆದ.

ನಾಲ್ಕೂ ಒಂದೇ ರೀತಿ ಕೆಟ್ಟಿದ್ದವು. ಯಂತ್ರದ ತಲೆಯ ಕಡೆಗೆ, ಅಂದರೆ ತಿರುಗುವ ದಂಡದ ಕಡೆಗೆ ಇದ್ದ ತುದಿ ದಪ್ಪ, ಈಚೆಯ ತುದಿ ಸಣ್ಣ. ವ್ಯತ್ಯಾಸ ಒಂದು ಕೂದಲಿನಷ್ಟು. ನಾಲ್ಕರಲ್ಲಿಯೂ ಅದೇ ಕೂದಲಿನಷ್ಟು. ಹಾಸು ತಲೆಯ ಬಳಿ ಸವೆದು ತಗ್ಗಾಗಿದ್ದರಿಂದ ಅಲ್ಲಿ ಉಳಿ ಹಿಂದೆ ಸರಿಯುತ್ತಿತ್ತು. ಐದನೆಯದನ್ನು ಕಡೆಯುವಾಗ ಅವನು ಉಳಿ ಆ ಜಾಗಕ್ಕೆ ಬರುತ್ತಿದ್ದಂತೆ ಹಿಡಿಕೆಯನ್ನು ಕೈಯಿಂದ ಅಷ್ಟೇ ಒಳಕ್ಕೆ ತಿರುಗಿಸಿದ. ಐದನೆಯದೂ ಸರಿಯಾಗಲಿಲ್ಲ, ಅವನ ಕೈ ಹೆಚ್ಚಾಗಿತ್ತು. ಆರನೆಯದು ಅಳತೆಗೆ ಬಂತು. ಅದನ್ನು ಅದೇ ಯಂತ್ರದ ತಲೆಯಲ್ಲಿ ಕೂರಿಸಿದ.

ಹಲ್ಲು ಮುರಿದ ಕಡೆ ಗೇರಿನಲ್ಲಿ ತೂತು ಕೊರೆದು, ಉಕ್ಕಿನ ಗೂಟಗಳನ್ನು ತಿರುಚಿ ಬಿಗಿದು, ಅರದಿಂದ ಉಜ್ಜಿ ಹಲ್ಲಿನ ಆಕಾರಕ್ಕೆ ತಂದ. ಒಂದು ಹಲ್ಲಿಗೆ ಎರಡು ದಿನ ಹಿಡಿಯಿತು. ಉಳಿದದ್ದು ಹಾಸು. ಕಾರ್ಖಾನೆಯಲ್ಲಿ ಅವನ ಜೊತೆಗಿದ್ದ ಖಾದರಸಾಬ ಎಂಬ ಹಿರಿಯ ಫಿಟ್ಟರನ ಮನೆಯಲ್ಲಿ ಒಂದು ಉಕ್ಕಿನ ನೇರಪಟ್ಟಿ ಇತ್ತು. ಮೌನೇಶ ಹೋಗಿ ಬೇಡಿ ತಂದ. ಪಟ್ಟಿಗೆ ನೀಲಿ ಬಣ್ಣ ಹಚ್ಚಿ ಹಾಸಿನ ಮೇಲೆ ಎಳೆದರೆ, ಉಬ್ಬಿದಲ್ಲೆಲ್ಲ ನೀಲಿ ಹತ್ತುತ್ತಿತ್ತು. ಅದನ್ನು ಉಳಿಯಿಂದ ಕೆರೆಯಬೇಕು. ಮತ್ತೆ ಪಟ್ಟಿ ಎಳೆಯಬೇಕು, ಮತ್ತೆ ಕೆರೆಯಬೇಕು. ತಗ್ಗಿನಲ್ಲಿ ಕಬ್ಬಿಣ ತುಂಬುವ ಹಾಗಿಲ್ಲ. ಉಳಿದ ಹಾಸನ್ನೆಲ್ಲ ಆ ತಗ್ಗಿನ ಮಟ್ಟಕ್ಕೆ ಇಳಿಸಬೇಕು. ದಿನಕ್ಕೆ ಒಂದು ಗೇಣು ಮುಗಿದರೆ ಹೆಚ್ಚು. ಅಂಗೈ ಬೊಬ್ಬೆಯೆದ್ದು ಒಡೆಯಿತು. ಬಟ್ಟೆ ಸುತ್ತಿಕೊಂಡು ಕೆರೆದ.

ಭಾದ್ರಪದದಲ್ಲಿ ಬನಶಂಕರವ್ವ ನೋಡಲು ಬಂದಳು. ಯಂತ್ರ ತುಂಡುತುಂಡಾಗಿ ನೆಲದ ಮೇಲೆ ಹರಡಿತ್ತು. ಸಂಘದಲ್ಲಿ ಮಾತು ಎದ್ದಿದೆ, ನೂಲಿನವರು ಶೆಡ್ಡು ಕೇಳುತ್ತಿದ್ದಾರೆ ಎಂದು ಅವಳು ತಿಳಿಸಿದಳು. "ಮೌನೇಶ, ನಿಜ ಹೇಳು. ಇದು ಓಡುತ್ತದೆಯೇ?" ಎಂದಳು.

"ಅವ್ವಾ, ತಂದ ದಿನ ಓಡುತ್ತದೆ ಎಂದುಕೊಂಡಿದ್ದೆ, ಆಗ ನನಗೆ ಇದರ ವಿಷಯ ಏನೂ ಗೊತ್ತಿರಲಿಲ್ಲ. ಈಗ ಎಲ್ಲೆಲ್ಲಿ ಎಷ್ಟು ಕೆಟ್ಟಿದೆ ಎಂದು ಗೊತ್ತಿದೆ. ಓಡಿಸುತ್ತೇನೆ."

ಅವಳು ಹೋಗಿ ಸಂಘದಲ್ಲಿ ಅವನ ಪರವಾಗಿ ನಿಂತಳು.

ನವರಾತ್ರಿಯ ಆರನೆಯ ದಿನ ಮೌನೇಶ ಯಂತ್ರವನ್ನು ಮತ್ತೆ ಜೋಡಿಸಿದ. ಏಳನೆಯ ದಿನ ಬನಶಂಕರವ್ವನ ಮಗ್ಗದ ಶಾಫ್ಟು ಮುರಿಯಿತು. ಅವಳು ಅದನ್ನು ಪಟ್ಟಣಕ್ಕೆ ಕಳಿಸದೆ ತಾನೇ ಹೊತ್ತು ತಂದಳು. ನಾಲ್ಕೈದು ನೇಕಾರರೂ ಹಿಂದೆ ಬಂದರು. ಮೌನೇಶ ಹೊಸ ಉಕ್ಕು ಕಟ್ಟಿ ಕಡೆದ. ಎರಡೂ ತುದಿಗಳನ್ನು ಅಳೆದ, ನಡುವೆ ಅಳೆದ, ಅವಳ ಕೈಗೆ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಅವಳ ಮಗ್ಗದ ಸದ್ದು ಬೀದಿಗೆ ಕೇಳಿಸಿತು.

ಯಂತ್ರ ಪೂರ್ತಿ ನೇರವಾಗಿರಲಿಲ್ಲ. ಹಾಸಿನ ಕೊನೆಯ ಒಂದು ಮೊಳದಲ್ಲಿ ಇನ್ನೂ ಅರ್ಧ ಕೂದಲಿನಷ್ಟು ತಪ್ಪು ಉಳಿದಿತ್ತು. ಮೌನೇಶ ಅದನ್ನು ಮುಚ್ಚಿಡಲಿಲ್ಲ. ಅಲ್ಲಿಗೆ ಕೆಲಸ ಬಂದಾಗ ಅಷ್ಟನ್ನು ಹಿಡಿಕೆಯಲ್ಲಿ ಕೈಯಿಂದ ಸರಿದೂಗಿಸುತ್ತಿದ್ದ. ದಸರೆ ಕಳೆಯಿತು. ಶೆಡ್ಡು ಅವನಿಗೇ ಉಳಿಯಿತು. ನೂಲಿನವರು ಬೇರೆ ಜಾಗ ನೋಡಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು.

ಸಂಗಯ್ಯ ತಲೆ ತಗ್ಗಿಸಿ ಕೇಳುತ್ತಿದ್ದ. ಅವನಿಗೆ ಸಮಾಧಾನವಾಗಲಿಲ್ಲ. ಕತೆಯಲ್ಲಿ ಒಂದು ಕೊರತೆ ಇದೆ ಎನ್ನಿಸಿತು. ಹೇಳಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹೇಳಿದ.

"ಗುರುಗಳೇ, ಅಲ್ಲಿ ಸವೆದದ್ದು ಯಂತ್ರ. ಅದರ ತಪ್ಪು ಕಂಡುಹಿಡಿಯಲು ಸವೆಯದ ಮೌನೇಶ ಒಬ್ಬನಿದ್ದ. ನನ್ನೊಳಗೆ ಸವೆದ ಈ ಮನಸ್ಸನ್ನು ಬಿಟ್ಟರೆ ಬೇರೆ ಯಾರಿದ್ದಾರೆ?"

"ಹಾಗಾದರೆ, ನಿನ್ನ ಮನಸ್ಸು ಸವೆದಿದೆ ಎಂದು ಕಂಡುಹಿಡಿದವರು ಯಾರು?"